ರಾಜಮತಿಯ ಗುಲಾಬಿಯ ಬೀಜ

ಸೊಲ್ಲಾಪುರ
೨೦ ನವೆಂಬರ್ ೧೯೩೬

ಧರಣೇಂದ್ರ ಅವರಿಗೆ ಕಮಲಾಬಾಯಿಯ ಜಯ ಜಿನೇಂದ್ರ.

ದೀಪಾವಳಿ ಮುಗಿದ ಮೇಲೆ ಬರೆಯೋಣವೆಂದು ತಡೆದೆ. ನಾವು ಹಬ್ಬ ಮಾಡಲಿಲ್ಲ. ತಂಗಿ ರಾಜಮತಿ ತೀರಿಕೊಂಡ ವರ್ಷ ಎಲ್ಲಿಯ ಹಬ್ಬ.

ನಿಮ್ಮ ಮಗಳು ಹೀರಾ ಆರಾಮ ಇದ್ದಾಳೆ. ರಾಜಮತಿಗೆ ಜ್ವರ ಏರಿ, ಕೂಸನ್ನು ದೂರ ಇಡಿರೆಂದು ಡಾಕ್ಟರು ಹೇಳಿ, ನಾನು ಇಲ್ಲಿಗೆ ಎತ್ತಿಕೊಂಡು ಬಂದಾಗ ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ಗೋಡೆ ಹಿಡಿದು ಅಡಿಗೆಮನೆಯ ತನಕ ನಡೆಯುತ್ತಾಳೆ.

ಒಂದು ಮಾತು ಕೇಳುವುದಿತ್ತು. ನಮ್ಮವರಿಗೆ ಇಂದೂರಿನ ಗಿರಣಿಯಲ್ಲಿ ಕೆಲಸ ಗೊತ್ತಾಗಿದೆ. ಬರುವ ಮಳೆಗಾಲ ಹಿಡಿಯುವ ಮೊದಲು ಹೊರಡಬೇಕು. ಹೀರಾ ನಮ್ಮ ಜೊತೆ ಇಂದೂರಿಗೆ ಬರುವುದೋ, ನಿಮ್ಮ ಹತ್ತಿರ ಬನಹಟ್ಟಿಗೆ ಬರುವುದೋ ನೀವು ಹೇಳಬೇಕು. ಯಾವುದಾದರೂ ನಮಗೆ ಅಡ್ಡಿಯಿಲ್ಲ. ನಮ್ಮವರ ಮಾತು ನಿಮಗೆ ಗೊತ್ತೇ ಇದೆ. "ಅಪ್ಪ ಅದಾರ, ಅವರ ಬಾಯಿಂದ ಬರಲಿ. ನಾವಾಗಿ ಕೇಳಿದ್ರ ಕಸಗೊಂಡಂಗ ಆಗತೈತಿ" ಅಂದರು. ಅವರ ಹಿಂದೆ ನಿಂತು ನಾನೂ ಹೌದೆಂದೆ.

ನಿಮ್ಮ ಅಕ್ಕ,
ಕಮಲಾಬಾಯಿ


ಬನಹಟ್ಟಿ
೩ ಡಿಸೆಂಬರ್ ೧೯೩೬

ಕಮಲಕ್ಕನವರಿಗೆ ಧರಣೇಂದ್ರನ ಜಯ ಜಿನೇಂದ್ರ.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಐ ಬೆಗ್ ಟು ಸ್ಟೇಟ್ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ ಎರಡು ಸಲ ಹರಿದು ಹಾಕಿದೆ. ಹಿಂದೆ ಪುಣೆಯ ಕಾಲೇಜಿನಲ್ಲಿ ಓದಿದ ಎರಡು ವರ್ಷದಿಂದ ನನಗೆ ಉಳಿದದ್ದು ಇಂಥ ಸಾಲುಗಳೇ, ಮುಂದಿನದು ನೆನಪಾಗುವುದಿಲ್ಲ. ನಾನು ಆರಾಮ. ನೂಲಿನ ಅಂಗಡಿ ನಡೆದಿದೆ. ಮೊನ್ನೆ ಸಾರಿಗೆ ಉಪ್ಪು ಹಾಕುವುದನ್ನು ಸೋದರತ್ತಿ ಬಾಳವ್ವ ಮರೆತಿದ್ದಳಂತೆ. ನಾನು ಉಂಡು ಎದ್ದ ಮೇಲೆ ಅವಳೇ ಹೇಳಿದಳು. ನನಗೆ ಗೊತ್ತಾಗಿರಲಿಲ್ಲ.

ಹೀರಾಳ ವಿಚಾರ ಮಾಡುತ್ತೇನೆ. ಮನೆ ಬದಲಿಸುವಾಗ ಸಣ್ಣ ಕೂಸು ಅಡಚಣೆಯೇ, ಅದು ತಿಳಿಯುತ್ತದೆ.

ರಾಜಮತಿಯ ಗುಲಾಬಿ ನಿಮಗೆ ನೆನಪಿರಬೇಕು. ತೇರದಾಳದ ನಿಮ್ಮ ತವರಿನಿಂದ ತಂದು ಹಿತ್ತಿಲಲ್ಲಿ ಹಚ್ಚಿದ್ದಳಲ್ಲ, ಕಡುಗೆಂಪು, ಒತ್ತೊತ್ತಾದ ಎಸಳು. ಬೆಳಿಗ್ಗೆ ಸ್ನಾನ ಮಾಡಿ ಇದ್ದಷ್ಟೂ ಹೂ ಬಿಡಿಸಿ ಬಸದಿಗೆ ಒಯ್ಯುತ್ತಿದ್ದಳು. ಗಿಡದ ಮೇಲೆ ಒಂದನ್ನೂ ಬಿಟ್ಟವಳಲ್ಲ. ಹೀಗಾಗಿ ಗುಲಾಬಿ ಕಾಯಿ ಕಟ್ಟುತ್ತದೆ ಎಂಬುದನ್ನೇ ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಈ ಮಳೆಗಾಲ ಅವಳು ಹಾಸಿಗೆ ಹಿಡಿದಾಗ ಹೂವಿನ ಕಡೆ ಯಾರೂ ಹೋಗಲಿಲ್ಲ. ಅವು ಅಲ್ಲೇ ಅರಳಿ ಅಲ್ಲೇ ಉದುರಿದವು. ಈಗ ನೋಡಿದರೆ ಬಾರಿಹಣ್ಣಿನ ಗಾತ್ರದ ಕಾಯಿ, ಕೆಂಪಗೆ ಹಣ್ಣಾಗುತ್ತಿವೆ. ಗಿಡಕ್ಕೆ ಮಾತ್ರ ಬುಡದಿಂದ ಗೆದ್ದಲು ಹತ್ತಿದೆ. ಗೆದ್ದಲನ್ನು ಮುಟ್ಟಲು ಅತ್ತಿ ಬಿಡುವುದಿಲ್ಲ. "ಅವೂ ಜೀವಾನ ಅಲ್ಲೇನೋ" ಅಂದಳು. ಟೊಂಗೆ ಕತ್ತರಿಸಿ ನೆಟ್ಟು ನೋಡಿದೆ, ಎಲ್ಲವೂ ಒಣಗಿದವು.

ಉಳಿದದ್ದು ಬೀಜ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಪ್ರೊಫೆಸರರ ಬಂಗಲೆಯ ಹಿಂದೆ ಗುಲಾಬಿ ತೋಟವಿತ್ತು. ಬೀಜಕ್ಕೆ ಒಂದು ಚಳಿಗಾಲ ಕಳೆಯಿತು ಅನ್ನಿಸಬೇಕು, ಅಂದರೆ ಮಾತ್ರ ಮೊಳೆಯುತ್ತದೆ ಎಂದು ಅವರು ಹೇಳಿದ್ದರು. ಅದಕ್ಕೊಂದು ಶಬ್ದವೂ ಇದೆ, ಸ್ಟ್ರಾಟ ಎಂದು ಶುರುವಾಗುತ್ತದೆ, ಬಾಲ ಮರೆತಿದೆ. ನಮ್ಮ ಬನಹಟ್ಟಿಗೆ ಎಲ್ಲಿಯ ವಿಂಟರ್. ಹಸಿ ಮರಳು ತುಂಬಿದ ಗಡಿಗೆಯಲ್ಲಿ ಹಾಕಿ ನೀರಿನ ಹರವಿಗಳ ನಡುವೆ ಇಡಬೇಕೆಂದಿದ್ದೇನೆ. ಮನೆಯಲ್ಲಿ ಅದೊಂದೇ ತಂಪು ಜಾಗ.

ಅದೇ ಹೂ ಮತ್ತೆ ಬಂದರೆ ಸಾಕು. ಬೇರೆ ಏನೂ ವಿಶೇಷವಿಲ್ಲ.

ಯುವರ್ಸ್ ಒಬೀಡಿಯೆಂಟ್ಲಿ,
ಧರಣೇಂದ್ರ


ಸೊಲ್ಲಾಪುರ
೨೨ ಡಿಸೆಂಬರ್ ೧೯೩೬

ಧರಣೇಂದ್ರ ಅವರಿಗೆ ಜಯ ಜಿನೇಂದ್ರ.

ನಾನು ಕೂಸಿನ ಮಾತು ಕೇಳಿದೆ, ನೀವು ಗಿಡದ ಮಾತು ಬರೆದಿರಿ. ಇರಲಿ. ಅದೂ ಅವಳದೇ.

ಹೀರಾ ಕೈ ಬಿಟ್ಟು ನಡೆಯುತ್ತಾಳೆ. ನಡೆದು ಬೀಳುತ್ತಾಳೆ, ಬಿದ್ದರೆ ಅಳುವುದಿಲ್ಲ, ಯಾರಾದರೂ ನೋಡಿದರಾ ಎಂದು ಸುತ್ತ ನೋಡಿ ಆಮೇಲೆ ಅಳುತ್ತಾಳೆ. ಬಂದವರೆಲ್ಲ ರಾಜಮತಿಯ ಮುಖ ಹುಡುಕುತ್ತಾರೆ. ಇದ್ದರೆ ತಾನೇ. ಮೂಗು ನಿಮ್ಮದು, ಕಿವಿ ನಿಮ್ಮದು, ಕಾಲಿನ ಬೆರಳು ಸಹ ನಿಮ್ಮವು. ತಾಯಿಯ ಹಾಗೆ ಒಂದು ಕೂದಲೂ ಇಲ್ಲ. ನನಗೇನೂ ಬೇಸರವಿಲ್ಲ, ನಿಮಗೆ ಗೊತ್ತಿರಲಿ ಎಂದು ಬರೆದೆ.

ಯಾವಾಗ ಬರುತ್ತೀರಿ? ಒಮ್ಮೆ ಬಂದು ನೋಡಿ ಹೋದರೂ ಆದೀತು.

ಕಮಲಾಬಾಯಿ


ಬನಹಟ್ಟಿ
೩೦ ಡಿಸೆಂಬರ್ ೧೯೩೬

ಕಮಲಕ್ಕನವರಿಗೆ ಜಯ ಜಿನೇಂದ್ರ.

ಯಾವಾಗ ಬರುತ್ತೀರಿ ಎಂದು ಕೇಳಿದ್ದೀರಿ. ನಿಮಗೆ ಅವಸರವಿದೆ ಎಂದು ತಿಳಿಯಿತು. ಬೇಗ ಒಂದು ದಾರಿ ಮಾಡುತ್ತೇನೆ, ತೊಂದರೆಗೆ ಕ್ಷಮೆಯಿರಲಿ.

ಇಲ್ಲಿ ಒಂದು ಸಂಗತಿ ನಡೆಯಿತು. ಹಣ್ಣುಗಳನ್ನು ಸೀಳಿ ಬೀಜ ತೆಗೆದು, ತೊಳೆದು, ರಾತ್ರಿಯ ಮಟ್ಟಿಗೆ ಮೊರದಲ್ಲಿ ಹರವಿ ಇಟ್ಟಿದ್ದೆ. ಮರುದಿನ ಮರಳಿಗೆ ಹಾಕುವುದಿತ್ತು. ಬೆಳಿಗ್ಗೆ ಮುಧೋಳದಿಂದ ನೂಲಿನ ಗಿರಾಕಿ ಕರೆ ಕಳಿಸಿದ, ಹೋದೆ. ಅಲ್ಲೇ ಒಂದು ರಾತ್ರಿ ಉಳಿಯಬೇಕಾಯಿತು. ತಿರುಗಿ ಬಂದು ನೋಡಿದರೆ ಮೊರ ಮಾಳಿಗೆಯ ಮೇಲೆ ತೊಗರಿಯ ಪಕ್ಕದಲ್ಲಿ ಬಿಸಿಲಿಗೆ ಕೂತಿದೆ, ಬೀಜಗಳು ಮಿರಿಮಿರಿ ಮಿಂಚುತ್ತಿವೆ. ಅತ್ತಿ ಔಡಲೆಣ್ಣೆ ತಿಕ್ಕಿದ್ದಳು.

ಹುಳ ಹುಟ್ಟಬಾರದು, ಹುಟ್ಟಿ ನಮ್ಮ ಕೈಯಿಂದ ಸಾಯಬಾರದು ಎಂದು ವರ್ಷದ ಕಾಳಿಗೆ ಎಣ್ಣೆ ತಿಕ್ಕಿ ಒಣಗಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ತೊಗರಿಗೂ ಹೆಸರಿಗೂ ಮಾಡುವುದನ್ನು ಗುಲಾಬಿಗೂ ಮಾಡಿದಳು, ಅಷ್ಟೇ. ಖುಷಿಯಿಂದ ತೋರಿಸಿದಳು. "ನೀ ಇಷ್ಟು ಜೋಪಾನ ಮಾಡಾಕತ್ತೀದಿ ಅಂತ ಎರಡು ಸಲ ತಿಕ್ಕೇನಿ. ಇನ್ನ ಹತ್ತು ವರ್ಷ ಇಟ್ರೂ ಏನೂ ಆಗಂಗಿಲ್ಲ ನೋಡ" ಅಂದಳು. ಖರೆ, ಏನೂ ಆಗುವುದಿಲ್ಲ. ಛಲೋ ಆತು ಅತ್ತಿ ಎಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಲು ಹೋದೆ, ಯಾಕೋ ಬಿಚ್ಚದೇ ಕೂತೆ.

ಅಂಟುವಾಳ ಹಚ್ಚಿ ತೊಳೆದು ನೋಡಿದೆ. ಎಣ್ಣೆ ಹೋಯಿತು, ಆದರೆ ಬಿಸಿಲಿಗೆ ಕಾದು ಕಲ್ಲಾಗಿವೆ. ಗಿಡದ ತುದಿಯಲ್ಲಿ ತಡವಾಗಿ ಹಣ್ಣಾದ ಎರಡು ಮೂರು ಕಾಯಿ ಉಳಿದಿದ್ದವು. ಅವುಗಳ ಬೀಜ ಒಂದು ಚಿಟಿಕೆ ಆದೀತು. ಅದನ್ನು ಮರಳಿಗೆ ಹಾಕಿ ಹರವಿಗಳ ನಡುವೆ ಇಟ್ಟಿದ್ದೇನೆ.

ಹೀರಾಳ ಮೂಗು ನನ್ನದು ಎಂದು ಓದಿದೆ.

ಧರಣೇಂದ್ರ


ಬನಹಟ್ಟಿ
೨೫ ಫೆಬ್ರುವರಿ ೧೯೩೭

ಕಮಲಕ್ಕನವರಿಗೆ ಜಯ ಜಿನೇಂದ್ರ.

ಸಂಕ್ರಾಂತಿಯ ನಂತರ ಒಂದು ಕಾಗದ ಹಾಕಿದ್ದೆ, ಉತ್ತರ ಬರಲಿಲ್ಲ. ನನ್ನ ಮೇಲೆ ಬೇಸರವಾಗಿರಬೇಕು. ಆಗುವ ಮಾತೇ. ಕೂಸನ್ನು ನಿಮ್ಮ ಮೇಲೆ ಹೊರಿಸಿ ಇಲ್ಲಿ ಮಣ್ಣು ಕೆದರುತ್ತ ಕೂತ ಮನುಷ್ಯ.

ಮರಳಿನಿಂದ ತೆಗೆದು ಕುಂಡಗಳಿಗೆ ಬಿತ್ತಿದ್ದೆ. ಮೂರು ಮೊಳೆತಿವೆ. ಮೊದಲು ಎರಡು ದುಂಡನೆಯ ಎಲೆ, ಅವು ಗುಲಾಬಿಯ ಎಲೆಯ ಹಾಗಿಲ್ಲ, ಮೆಂತೆ ಇದ್ದ ಹಾಗಿವೆ. ಅತ್ತಿ ಮೆಂತೆಯೇ ಎಂದು ತಿಳಿದಳು. ಆಮೇಲೆ ಬಂದ ಎಲೆಗೆ ಅಂಚಿನಲ್ಲಿ ಹಲ್ಲು ಮೂಡಿದೆ. ಅಂಗಡಿಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ನೋಡುತ್ತೇನೆ. ಸಂತೋಷವಾಗಿದೆಯೇ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನೋಡುತ್ತೇನೆ, ಅಷ್ಟೇ. ಹಳೆಯ ಗಿಡ ಪೂರ್ಣ ಒಣಗಿತು, ಕಿತ್ತರೆ ಕೈಯಲ್ಲೇ ಬಂತು.

ಹೀರಾಳಿಗೆ ಹಲ್ಲು ಎಷ್ಟು ಬಂದಿವೆ?

ಧರಣೇಂದ್ರ


ಸೊಲ್ಲಾಪುರ
೧೪ ಮಾರ್ಚ್ ೧೯೩೭

ಧರಣೇಂದ್ರ ಅವರಿಗೆ ಜಯ ಜಿನೇಂದ್ರ.

ನಿಮ್ಮ ಕಾಗದಗಳೆಲ್ಲ ಮುಟ್ಟಿವೆ. ಬೇಸರವಾಗಿ ಬರೆಯದಿದ್ದದ್ದಲ್ಲ. ಹೀರಾಳಿಗೆ ಜ್ವರ ಬಂದಿತ್ತು. ಕಣ್ಣು ತೆರೆಯದೆ ಮಲಗಿದ್ದಳು, ಎದೆಯಲ್ಲಿ ಗೊರಗೊರ ಸದ್ದು. ನಮ್ಮವರು ನಿಮಗೆ ತಾರು ಕೊಡುತ್ತೇನೆಂದು ಪೋಸ್ಟಾಫೀಸಿಗೆ ಹೊರಟಾಗ ನಾನೇ ಬಾಗಿಲಿಗೆ ಅಡ್ಡ ನಿಂತೆ. ಆ ಮನೆಗೆ ಜ್ವರ ಎಂಬ ಮಾತು ಮತ್ತೊಮ್ಮೆ ಹೇಗೆ ಕಳಿಸುವುದು. ಕಳಿಸಬೇಕಾಗಿತ್ತೇನೋ. ಈಗ ಆರಾಮ ಇದ್ದಾಳೆ, ಅನ್ನ ಕೇಳಿ ಉಣ್ಣುತ್ತಾಳೆ. ಹಲ್ಲು ಎಣಿಸಲು ಬಿಡುವುದಿಲ್ಲ, ಬೆರಳು ಕಚ್ಚುತ್ತಾಳೆ.

ರಬಕವಿಯ ಶಂಕರೆಪ್ಪನವರು ಸೀರೆಯ ವ್ಯಾಪಾರಕ್ಕೆ ಇಲ್ಲಿಗೆ ಬಂದವರು ಮನೆಗೂ ಬಂದಿದ್ದರು. ಬಾಳವ್ವನವರು ನಿಮಗಾಗಿ ತೇರದಾಳದಲ್ಲಿ ಹೆಣ್ಣು ನೋಡಿದ್ದಾರೆಂದು ಸುದ್ದಿ ಹೇಳಿದರು. ಒಳ್ಳೆಯದೇ. ನಿಮಗೆ ವಯಸ್ಸೇನು ಆಗಿದೆ. ಹೊಸಬಳು ಬಂದ ಮನೆಯಲ್ಲಿ ಹೀರಾ ಎಲ್ಲಿರಬೇಕು ಎಂಬುದನ್ನು ಮಾತ್ರ ಅದಕ್ಕೂ ಮೊದಲು ನನಗೆ ತಿಳಿಸಿರಿ.

ಕಮಲಾಬಾಯಿ


ಬನಹಟ್ಟಿ
೨ ಮೇ ೧೯೩೭

ಕಮಲಕ್ಕನವರಿಗೆ ಜಯ ಜಿನೇಂದ್ರ.

ಜ್ವರದ ಸುದ್ದಿ ಓದಿ ಕಾಗದ ಮಡಚಿಟ್ಟೆ. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಆರಾಮ ಇದ್ದಾಳೆಂದು ಬರೆದಿದ್ದೀರಿ, ಆಯಿತು.

ಇಲ್ಲಿ ಬಿಸಿಲು ಬಹಳ. ಮಗ್ಗಗಳು ಮಧ್ಯಾಹ್ನ ನಿಂತುಬಿಡುತ್ತವೆ. ಮೂರು ಸಸಿಗಳಲ್ಲಿ ಎರಡು ಬಾಡಿ ಹೋದವು. ಉಳಿದ ಒಂದು, ಗೇಣುದ್ದವೂ ಇಲ್ಲ, ಮೊನ್ನೆ ಹೂ ಬಿಟ್ಟಿತು. ಮೊಗ್ಗು ಬಂದಂದಿನಿಂದ ಕಾಯುತ್ತಿದ್ದೆ. ಅರಳಿದ್ದು ಐದೇ ಎಸಳು. ತೊಳೆದ ಸೀರೆಯ ಹಾಗೆ ಬಿಳಿಚಿದ ಗುಲಾಬಿ ಬಣ್ಣ. ಮೂಗಿನ ಹತ್ತಿರ ಒಯ್ದರೂ ವಾಸನೆ ಇಲ್ಲ. ಬೀಜದಿಂದ ಬಂದದ್ದು ಟ್ರೂ ಇರುವುದಿಲ್ಲ, ತಾಯಿಗಿಡವನ್ನೇ ಹೋಲುವುದಿಲ್ಲ, ಟ್ರೂ ಟು ಎಂಥದೋ ಎಂದು ಪ್ರೊಫೆಸರರು ಹೇಳುತ್ತಿದ್ದುದು ಆಗ ನೆನಪಾಯಿತು. ಮೊದಲೇ ನೆನಪಾಗಬೇಕಿತ್ತು. ತಾಯಿಯ ಹಾಗೆ ಏನೂ ಇಲ್ಲ. ಇಟ್ಟುಕೊಂಡು ಏನು ಮಾಡುವುದು ಎನ್ನಿಸಿತು.

ಹೀರಾಳ ವಿಷಯ ಖುದ್ದಾಗಿ ಬಂದು ಮಾತಾಡುತ್ತೇನೆ. ಇದೇ ತಿಂಗಳ ಮೂರನೆಯ ವಾರ ಕುಡಚಿಯಲ್ಲಿ ರೈಲು ಹತ್ತುವವನಿದ್ದೇನೆ.

ಧರಣೇಂದ್ರ


ಸೊಲ್ಲಾಪುರ
೧೦ ಮೇ ೧೯೩೭

ಧರಣೇಂದ್ರ ಅವರಿಗೆ.

ಬರ್ರಿ. ನಾವು ಜೂನ್ ಹದಿನೈದಕ್ಕೆ ಇಂದೂರಿಗೆ ಹೊರಡುತ್ತೇವೆ.

ತಾಯಿಯ ಹಾಗೆ ಇಲ್ಲದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಬರೆದ ಕೆಳಗೇ ಹೀರಾಳ ಹೆಸರು ಬರೆದಿದ್ದೀರಿ. ಅವಳು ತಾಯಿಯ ಹಾಗಿಲ್ಲವೆಂದು ನಾನೇ ಬರೆದು ತಪ್ಪು ಮಾಡಿದೆ. ನಿಮ್ಮ ಆ ಸಾಲನ್ನು ನಮ್ಮವರಿಗೆ ಓದಿ ಹೇಳಲಿಲ್ಲ. ತೇರದಾಳದ ಮಾತಿಗೆ ನೀವು ಉತ್ತರ ಬರೆದಿಲ್ಲ. ಅದೂ ಒಂದು ಉತ್ತರವೇ.

ಕಮಲಾಬಾಯಿ


ಸೊಲ್ಲಾಪುರ
೨೬ ಮೇ ೧೯೩೭

ಧರಣೇಂದ್ರ ಅವರಿಗೆ ಜಯ ಜಿನೇಂದ್ರ.

ನೀವು ಬಂದಿರಿ, ಪಡಸಾಲೆಯಲ್ಲಿ ಕೂತಿರಿ, ನೀರು ಕುಡಿದಿರಿ, ನಮ್ಮವರ ಜೊತೆ ಹತ್ತಿಯ ದರ ಮಾತಾಡಿದಿರಿ, ಸಂಜೆಯ ರೈಲಿಗೆ ಹೋದಿರಿ. ಎರಡು ದಿನ ಇರುತ್ತೀರೆಂದು ನಾನು ಹಿಟ್ಟು ಬೀಸಿಸಿ ಇಟ್ಟಿದ್ದೆ.

ಬಾಗಿಲಲ್ಲಿ ನಡೆದದ್ದನ್ನು ಬರೆಯದೆ ನನಗೆ ಬಿಡುಗಡೆಯಿಲ್ಲ. ಹೀರಾ ನನ್ನ ಸೆರಗು ಹಿಡಿದು ಹಿಂದೆ ನಿಂತಿದ್ದಳು. ನಮ್ಮವರನ್ನು ಅಪ್ಪಾ ಅನ್ನುತ್ತಾಳೆ, ನಾವು ಕಲಿಸಿದ್ದಲ್ಲ, ಎದುರು ಮನೆಯ ಮಕ್ಕಳನ್ನು ನೋಡಿ ತಾನೇ ಹಿಡಿದದ್ದು. ಅವರು ಅಲ್ಲೇ ಕೂತಿದ್ದರು. ನಿಮ್ಮನ್ನು ಏನೆಂದು ತೋರಿಸಲಿ ಎಂದು ನನಗೆ ತೋಚದೆ, "ಕಾಕಾ ಬಂದಾರ ನೋಡ" ಅಂದೆ. ಅಂದ ಕೂಡಲೇ ನೀವು ತಿದ್ದುತ್ತೀರೆಂದು ನಿಮ್ಮ ಮುಖ ನೋಡಿದೆ. ನೀವು ಕೈ ಚಾಚಿ, "ಬಾರವಾ, ಕಾಕಾನ ಹತ್ರ ಬಾ" ಅಂದಿರಿ. ಅವಳು ಬರಲಿಲ್ಲ. ನೀವು ಕೈ ಹಿಂದಕ್ಕೆ ತೆಗೆದುಕೊಂಡಿರಿ.

ಒಳಗಿನ ಕೋಣೆಯಲ್ಲಿ ಅವಳ ಬಟ್ಟೆಯ ಗಂಟು ಕಟ್ಟಿಟ್ಟಿದ್ದೆ. ನೀವು ಒಯ್ಯಲು ಬಂದಿದ್ದರೆ ಕೊಟ್ಟು ಕಳಿಸಬೇಕೆಂದು. ನೀವು ಕೇಳಲಿಲ್ಲ, ನಾನು ಕೇಳಲಿಲ್ಲ. ನೀವು ಹೋದ ಮೇಲೆ ನನಗೆ ಸಮಾಧಾನವಾಯಿತು, ಅದರ ಹಿಂದೆಯೇ ನಾಚಿಕೆಯಾಯಿತು.

ಅಡ್ಡಿಯಿಲ್ಲ, ಯಾವುದಾದರೂ ನಡೆಯುತ್ತದೆ ಎಂದು ಹಿಂದೆ ಬರೆದದ್ದು ಸುಳ್ಳು. ನನಗೆ ಅವಳು ಬೇಕು. ಆದರೆ ನೀವು ಬಾಯಿ ಬಿಡದೆ ಹೋದದ್ದಕ್ಕೆ ಸಿಕ್ಕಿದವಳಾಗಿ ಬೇಡ. ಅವಳನ್ನು ಒಯ್ಯಲು ಬಂದಿದ್ದಿರೋ, ಬಿಡಲು ಬಂದಿದ್ದಿರೋ? ಒಂದು ಸಾಲು ಬರೆಯಿರಿ. ಗಿಡದ ಮಾತು ಬೇಡ.

ಕಮಲಾಬಾಯಿ


ಬನಹಟ್ಟಿ
೨ ಜೂನ್ ೧೯೩೭

ಕಮಲಕ್ಕನವರಿಗೆ ಧರಣೇಂದ್ರನ ಜಯ ಜಿನೇಂದ್ರ.

ಒಯ್ಯಲು ಬಂದಿದ್ದೆ.

ನೀವು ಕೇಳಿದ ಒಂದು ಸಾಲು ಅದು. ಒಂದೇ ಸಾಲಿಗೆ ನಿಲ್ಲಿಸುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಗಿಡದ ಮಾತು ಬೇಡವೆಂದಿದ್ದೀರಿ. ಒಂದು ಸಲ ಮಾತ್ರ ಹೇಳಿ ಬಿಡುತ್ತೇನೆ. ತಾಯಿಯ ಹಾಗಿಲ್ಲ, ಇಟ್ಟುಕೊಂಡು ಏನು ಮಾಡುವುದು ಎಂದು ಬರೆದದ್ದು ಕುಂಡದಲ್ಲಿಯ ಹೂವಿಗೆ, ಹೀರಾಳಿಗಲ್ಲ. ಅದರ ಕೆಳಗೆ ಅವಳ ಹೆಸರು ಬಂದದ್ದು ನಾನು ಕಾಗದ ಬರೆಯುವ ರೀತಿಯಿಂದ. ಒಂದರ ಹಿಂದೆ ಒಂದು ಹೇಳಿಕೊಂಡು ಹೋಗುತ್ತೇನೆ, ಎದುರಿಗಿದ್ದವರು ಏನು ಕೇಳಿಸಿಕೊಂಡರೆಂದು ನೋಡುವುದಿಲ್ಲ. ನಿಮ್ಮ ಮಾತನ್ನೂ ನಾನು ಹಾಗೇ ತಪ್ಪು ತಿಳಿದೆ. ಯಾವಾಗ ಬರುತ್ತೀರಿ ಎಂದಾಗಲೆಲ್ಲ ಕೂಸು ನಿಮಗೆ ಭಾರವಾಗಿದೆ ಎಂದು ತಿಳಿದೆ.

ಬಾಗಿಲಲ್ಲಿ ನೀವು ಕಾಕಾ ಎಂದಾಗ ನನಗೆ ಏನೂ ಅನ್ನಿಸಲಿಲ್ಲ. ಖರೆ ಹೇಳುತ್ತೇನೆ, ಏನೂ ಅನ್ನಿಸಲಿಲ್ಲ. ರಾಜಮತಿ ಹೋದಾಗಿನಿಂದ ಯಾರು ಏನು ಅಂದರೂ ಹೂಂ ಎನ್ನುವುದು ರೂಢಿಯಾಗಿದೆ, ಅದಕ್ಕೂ ಹೂಂ ಎಂದೆ. ಮರುದಿನ ರೈಲು ಮಿರಜ ದಾಟಿ ಕುಡಚಿಗೆ ಬಂತು. ಬನಹಟ್ಟಿಯ ಮೋಟಾರಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಕೂತ ಮನುಷ್ಯ ಎಲ್ಲಿಗೆ ಹೋಗಿದ್ದಿರಿ ಎಂದು ಸುಮ್ಮನೆ ಕೇಳಿದ. ಮಗಳನ್ನು ನೋಡಲು ಎನ್ನಬೇಕಿತ್ತು. ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಅವನು ಹೆದರಿ ನೀರು ತರಲು ಎದ್ದ. ಮೋಟಾರು ಬಂದು ಹೋಯಿತು, ನಾನು ಹತ್ತಲಿಲ್ಲ. ಕತ್ತಲಾಗುವ ಹೊತ್ತಿಗೆ ಎತ್ತಿನ ಗಾಡಿ ಹಿಡಿದು ಬಂದೆ.

ತೇರದಾಳದವರಿಗೆ ಬೇಡವೆಂದು ಹೇಳಿ ಕಳಿಸಿದ್ದೇನೆ. ಮೊದಲೇ ಹೇಳಬಹುದಿತ್ತು. ಅತ್ತಿ ಸಿಟ್ಟಾದಳು. "ಹಂಗಾರ ಆ ಕೂಸಿನ್ನರೆ ಕರಕೊಂಡ ಬಾ. ಈ ಮನ್ಯಾಗ ಒಂದರೆ ದನಿ ಬೇಕು, ನಾ ಯಾರ ಕೂಡ ಮಾತಾಡ್ಲಿ, ಗ್ವಾಡಿ ಕೂಡ ಏನು?" ಅಂದಳು. ನಾನು ಇದ್ದೇನಲ್ಲ ಎಂದೆ. ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು.

ಹೀರಾಳನ್ನು ನನಗೆ ಕೊಡಿರಿ.

ಜ್ವರದಲ್ಲಿ ಕಣ್ಣು ಮುಚ್ಚದೆ ಕಾದವರು ನೀವು. ಅವಳು ಕಣ್ಣು ತೆರೆದು ಅವ್ವಾ ಎಂದಿದ್ದರೆ ಅದು ನಿಮಗೇ. ನಿಮ್ಮಿಂದ ಕಸಿದುಕೊಂಡ ಹಾಗೇ ಆಗುತ್ತದೆ. ಆ ಮಾತು ಬರಬಾರದೆಂದು ನಿಮ್ಮವರು ತಾವಾಗಿ ಕೇಳಲಿಲ್ಲ, ನಾನು ಮಾತ್ರ ಗೊತ್ತಿದ್ದೂ ಕೇಳುತ್ತಿದ್ದೇನೆ. ನಿಮ್ಮ ಯಜಮಾನರು ಸುಪಾರ್ಶ್ವ ಅವರು ಒಪ್ಪಿದರೆ, ಅವರು ಇಂದೂರಿನಲ್ಲಿ ಮನೆ ಹುಡುಕುವ ತನಕ, ಮಳೆಗಾಲ ನೀವೂ ಬಂದು ಇಲ್ಲೇ ಇರಿ. ಅವಳು ನಮ್ಮ ಮನೆಯ ಗೋಡೆ, ಬಾವಿ, ನನ್ನ ಮುಖ ಎಲ್ಲವನ್ನೂ ನಿಮ್ಮ ಸೊಂಟದ ಮೇಲೆ ಕೂತೇ ಗುರ್ತು ಮಾಡಿಕೊಳ್ಳಲಿ. ಆಮೇಲೆ ನೀವು ಹೋಗುವ ದಿನ ಏನಾಗುತ್ತದೋ ನನಗೆ ಗೊತ್ತಿಲ್ಲ. ನೀವು ಆಗುವುದಿಲ್ಲ ಎಂದರೆ, ಅದನ್ನು ನನ್ನ ಎದುರಿಗೇ ಅನ್ನಿರಿ. ಈ ಸಲ ಸಂಜೆಯ ರೈಲಿಗೆ ಹೋಗುವುದಿಲ್ಲ, ಕೂತು ಕೇಳುತ್ತೇನೆ.

ಸೋಮವಾರ ಹೊರಡುತ್ತೇನೆ, ಮಂಗಳವಾರ ನಿಮ್ಮ ಬಾಗಿಲಲ್ಲಿ ಇರುತ್ತೇನೆ. ನಾನು ಯಾರೆಂದು ಅವಳಿಗೆ ನೀವು ಹೇಳಬೇಡಿ. ನಾನೇ ಹೇಳುತ್ತೇನೆ. ಅವಳು ಬಾರದೆ ನಿಮ್ಮ ಹಿಂದೆಯೇ ನಿಂತರೆ ಬುಧವಾರವೂ ಹೇಳುತ್ತೇನೆ.

ಹೀರಾಳ ಅಪ್ಪ,
ಧರಣೇಂದ್ರ